ಹಡೆದದ್ದಕ್ಕೊಂದು ಹಲ್ಲು

ನನ್ನ ಬಾಯಲ್ಲಿ ಈಗ ಉಳಿದಿರುವುದು ಕೆಳಸಾಲಿನ ಮುಂದಿನ ನಾಲ್ಕು ಹಲ್ಲು. ಮಿಕ್ಕವನ್ನು ಮಕ್ಕಳು ತಿಂದರು ಎಂದು ಬಹಳ ವರ್ಷ ತಿಳಿದಿದ್ದೆ. ನಮ್ಮ ಕಡೆ ಹಾಗೇ ಹೇಳುತ್ತಾರೆ, ಹಡೆದದ್ದಕ್ಕೊಂದು ಹಲ್ಲು ಎಂದು. ಕೂಸು ಹೊಟ್ಟೆಯಲ್ಲಿದ್ದಾಗ ತಾಯಿಯ ಎಲುಬು ತಿನ್ನುತ್ತದೆ, ಹೊರಗೆ ಬರುವಾಗ ಅವಳದೊಂದು ಹಲ್ಲು ಹಿಡಿದುಕೊಂಡೇ ಬರುತ್ತದೆ. ನನಗೆ ಇದನ್ನು ನನ್ನ ಅತ್ತೆ ಹೇಳಿದಳು. ಅವಳಿಗೆ ಅವಳ ಅತ್ತೆ ಹೇಳಿರಬೇಕು.

ನಾನು ಐದು ಹಡೆದೆ. ಹೋದದ್ದು ಐದಕ್ಕಿಂತ ಬಹಳ ಹೆಚ್ಚು. ಅದು ಹೇಗೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಯಾವ ಹಲ್ಲು ಯಾರ ಪಾಲು ಎಂದು ಮಾತ್ರ ಮಕ್ಕಳಿಗೆ ತೋರಿಸಿ ಹೇಳುತ್ತಿದ್ದೆ. ಹಿರಿಯ ಮಗಳದು ಮೇಲಿನ ಮುಂದಿನ ಹಲ್ಲು. ಅವಳು ಎದುರು ಮಾತಾಡಿದಾಗೆಲ್ಲ ತುಟಿ ಎತ್ತಿ ಆ ಸಂದಿ ತೋರಿಸುತ್ತಿದ್ದೆ.

"ಇದನ್ನ ತಿಂದು ಹುಟ್ಟಿದಾಕಿ ನೀನು. ಈಗ ನನ್ನನ್ನೂ ತಿನ್ನಾಕ ಬಂದೀ ಏನು?"

ಅವಳು ಸುಮ್ಮನಾಗುತ್ತಿದ್ದಳು. ಈಗ ಅವಳಿಗೂ ಕೂದಲು ಬೆಳ್ಳಗಾಗಿದೆ. ಮಾನ್ವಿಯಲ್ಲಿ ನಾನು ಅವಳ ಜೊತೆಗೇ ಇದ್ದೇನೆ. ನಾನು ದುಡಿದದ್ದೆಲ್ಲ ಮಂದಿಯ ಹೊಲದಲ್ಲಿ, ಭತ್ತ ಹಚ್ಚಿ, ಹತ್ತಿ ಬಿಡಿಸಿ. ಅವಳು ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಾಳೆ. ಅವಳ ಮಗಳು, ಅಂದರೆ ನನ್ನ ಮೊಮ್ಮಗಳು, ಓದಿ ಮಾಸ್ತರಗಿತ್ತಿಯಾದಳು, ದೇವದುರ್ಗಕ್ಕೆ ಕೊಟ್ಟೆವು. ಮೊದಲ ಹೆರಿಗೆಗೆ ತವರಿಗೆ ಬಂದಳು. ನಾನು ಹೇಳುತ್ತಿರುವುದು ಆ ಬೇಸಿಗೆಯ ಮಾತು.

ಹೊಟ್ಟೆಯಲ್ಲಿ ಕೂಸಿದ್ದಾಗಲೇ ಅವಳಿಗೆ ಕೆಳಗಿನ ಎಡ ದವಡೆಯ ಹಲ್ಲು ನೋಯುತ್ತಿತ್ತು. ಮೊದಲ ತಿಂಗಳುಗಳಲ್ಲಿ ತಿಂದದ್ದನ್ನೆಲ್ಲ ಕಾರಿಕೊಳ್ಳುತ್ತಿದ್ದಳು. ಬಾಯಿ ಕಹಿ ಎಂದು ಕಲ್ಲುಸಕ್ಕರೆ ಬಾಯಲ್ಲಿಟ್ಟುಕೊಂಡೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳಂತೆ. ಹಲ್ಲಿನಲ್ಲಿ ತೂತು ಬಿದ್ದಿತ್ತು. ತೋರಿಸುತ್ತೇನೆ ಎಂದರೆ ಅವಳ ಅತ್ತೆ ಬೇಡ ಎಂದಳು. ಬಸುರಿಯ ಹಲ್ಲು ಮುಟ್ಟಬಾರದು, ಕೂಸಿಗೆ ನಂಜು ಏರುತ್ತದೆ ಎಂದಳು. ಮೊಮ್ಮಗಳು ಫೋನಿನಲ್ಲಿ ನನ್ನನ್ನು ಕೇಳಿದಳು. ನಾನೂ ಅದನ್ನೇ ಹೇಳಿದೆ.

"ಒಂದು ಹೋಗೋದು ಹೋಗ್ತದ ಬೇ. ಅದರ ಪಾಲು ಅದು."

ಗಂಡುಕೂಸು. ಹೆರಿಗೆ ಸರಾಗವಾಯಿತು. ಮನೆಗೆ ಕರೆದುಕೊಂಡು ಬಂದು ಒಳಗಿನ ಕೋಣೆಯಲ್ಲಿ ಮಲಗಿಸಿದೆವು.

ನಮ್ಮ ಕಡೆಯ ಬೇಸಿಗೆಯಲ್ಲಿ ನಾಯಿ ಸಹ ಗಟಾರದಲ್ಲಿ ಹೋಗಿ ಮಲಗುತ್ತದೆ. ಆದರೆ ಬಾಣಂತಿಗೆ ಬೇಸಿಗೆ ಎಂಬುದಿಲ್ಲ. ಕಿಟಕಿಯ ಸಂದಿಗೆ ಹಳೆಯ ಸೀರೆ ತುರುಕಿದೆವು. ಹೊರಸಿನ ಕೆಳಗೆ ಮುಂಜಾನೆ ಸಂಜೆ ಕೆಂಡದ ಬುಟ್ಟಿ. ಕಿವಿಯಲ್ಲಿ ಅರಳೆ. ನೆತ್ತಿಯ ಮೇಲಿಂದ ಗದ್ದದ ಕೆಳಗೆ ಹಾಯಿಸಿ ಬಿಗಿಯಾಗಿ ಕಟ್ಟಿದ ಅರಿವೆ, ಹಿಂದೆ ಗಂಟು. ಕಣ್ಣು, ಮೂಗು, ಬಾಯಿ, ಅಷ್ಟೇ ಕಾಣಬೇಕು. ನೀರು ಕುದಿಸಿ ಆರಿಸಿ ಸಣ್ಣ ಲೋಟದಲ್ಲಿ ಗುಟುಕು ಗುಟುಕು ಕೊಡುವುದು. ಹೆಚ್ಚು ಕುಡಿದರೆ ಹೊಟ್ಟೆ ಮುಂದೆ ಬರುತ್ತದೆ ಎಂಬ ಭಯ.

ತಿನ್ನುವುದಕ್ಕೆ ಮಾತ್ರ ಕೊರತೆ ಇರಲಿಲ್ಲ. ಬೆಳಿಗ್ಗೆ ಅಳವಿ ಬೀಜದ ಪಾಯಸ. ಆಮೇಲೆ ಮೆಂತ್ಯದ ಸಜ್ಜಕ. ಮಧ್ಯಾಹ್ನ ತುಪ್ಪ ಸುರಿದ ಮೆತ್ತನೆ ಅನ್ನ, ಬೆಳ್ಳುಳ್ಳಿ. ಇವುಗಳ ನಡುವೆ ಅಂಟಿನುಂಡಿ. ಕೊಬ್ಬರಿ, ಉತ್ತತ್ತಿ, ತುಪ್ಪದಲ್ಲಿ ಅರಳಿಸಿದ ಅಂಟು, ಬೆಲ್ಲದ ಪಾಕ. ನಾನೇ ಕೂತು ಕಟ್ಟಿದ್ದು. ಕೂಸು ಮೊಲೆ ಹಿಡಿದಾಗಲೆಲ್ಲ ತಾಯಿಯ ಬಾಯಿಗೆ ಒಂದು ಚೂರು ಬೀಳಬೇಕು, ಇಲ್ಲವಾದರೆ ಸೊಂಟ ಬೀಳುತ್ತದೆ. ಅದಕ್ಕೇ ಉಂಡಿಯ ಡಬ್ಬಿ ತಲೆದಿಂಬಿನ ಹತ್ತಿರವೇ ಇರುತ್ತಿತ್ತು. ಕೂಸು ಹೊತ್ತುಗೊತ್ತು ನೋಡದೆ ಏಳುವುದು, ಅವಳು ಡಬ್ಬಿಗೆ ಕೈ ಹಾಕುವುದು. ಎಷ್ಟೋ ಸಲ ಉಂಡಿ ದವಡೆಯಲ್ಲಿ ಒತ್ತಿಕೊಂಡೇ ನಿದ್ದೆ ಹೋಗುತ್ತಿದ್ದಳು. ಅಂಟು ಹಲ್ಲಿಗೆ ಹಿಡಿದರೆ ಬೇಗ ಬಿಡುವುದಿಲ್ಲ.

ರೊಟ್ಟಿ ಕೊಡುತ್ತಿರಲಿಲ್ಲ. ಕಾಯಿಪಲ್ಲೆ ಹಸಿಯದು ಇಲ್ಲವೇ ಇಲ್ಲ. ಬಾಣಂತಿಯ ಹಲ್ಲು ಬುಡ ಸಡಿಲಾಗಿರುತ್ತವೆ, ಗಟ್ಟಿ ಏನನ್ನೂ ಕಡಿಯಬಾರದು. ತಿಕ್ಕಲೂ ಬಾರದು.

"ಅಜ್ಜಿ, ಬಾಯಿ ಅಂಟಂಟು ಆಗೇದ. ಹಲ್ಲರೆ ತಿಕ್ಕೊಳ್ತೀನಿ."

"ಬ್ಯಾಡ. ಹಸಿ ಮೈ, ಹಸಿ ಹಲ್ಲು. ಈಗ ತಿಕ್ಕಿದರ ಮುಂದ ಎಲ್ಲ ಉದುರ್ತಾವ."

"ನೀ ಬಾಣಂತ್ಯಾಗ ತಿಕ್ಕಿದ್ದೇನು?"

"ಇಲ್ಲ."

"ಮತ್ತ ನಿನ್ನವ್ಯಾಕ ಉದುರಿದವು?"

"ಐದು ಹಡದೀನಿ, ಅದಕ್ಕ."

ಅವಳು ನಕ್ಕಳು. ನಗುವಾಗ ಎಡ ಕೆನ್ನೆ ಹಿಡಿದುಕೊಂಡಳು. ಅದನ್ನು ನಾನು ನೋಡಿದೆ, ಲಕ್ಷ್ಯ ಕೊಡಲಿಲ್ಲ. ಆ ಹಲ್ಲಿನ ಸರದಿ ಬಂತು ಎಂದುಕೊಂಡೆ, ಅಷ್ಟೇ.

ಆಮೇಲೆ ನೋವು ಜಾಸ್ತಿಯಾಯಿತು. ಅವಳವ್ವ ಲವಂಗ ಅರೆದು ಇಟ್ಟಳು. ನಾನು ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ, ಅರಿವೆಯ ಮೇಲಿಂದಲೇ ಕೆನ್ನೆಗೆ ಕಾವು ಕೊಟ್ಟೆ. ಮರುದಿನ ಜ್ವರ ಬಂತು. ಎದೆಯಲ್ಲಿ ಹಾಲು ಕಟ್ಟಿಕೊಂಡು ಬಂದ ಜ್ವರ ಎಂದೆವು. ಜ್ವರವಿದ್ದವಳ ತಲೆಗೆ ನೀರು ಹಾಕಬಾರದು. ಎಣ್ಣೆ ನೀರು ನಿಲ್ಲಿಸಿದೆವು. ಎಣ್ಣೆ ನೀರು ನಿಂತ ಮೇಲೆ ತಲೆಯ ಅರಿವೆ ಬಿಚ್ಚುವ ಕೆಲಸವೇ ಇರಲಿಲ್ಲ. ಗಾಳಿ ಹೋಗದಿರಲಿ ಎಂದು ಮಗಳು ಅದರ ಮೇಲೆ ಇನ್ನೊಂದು ಕಟ್ಟಿದಳು.

ಕೋಣೆಯಲ್ಲಿ ಒಂದು ವಾಸನೆ ಎದ್ದಿತ್ತು. ಲೋಬಾನ ಹಾಕಿದರೂ ಹೋಗದು. ಬಾಣಂತಿ ಕೋಣೆ ಎಂದರೆ ಹಾಲು, ಎಣ್ಣೆ, ಕೂಸಿನ ಉಚ್ಚೆ, ಎಲ್ಲ ಕೂಡಿದ ವಾಸನೆ ಇದ್ದೇ ಇರುತ್ತದೆ. ಇದು ಆ ವಾಸನೆ ಅಲ್ಲ. ಬಾಗಿ ಕೂಸನ್ನು ಎತ್ತಿಕೊಳ್ಳುವಾಗ ಮೊಮ್ಮಗಳ ಉಸಿರು ನನ್ನ ಮುಖಕ್ಕೆ ಬಡಿಯಿತು. ಕೊಳೆತ ಉಳ್ಳಾಗಡ್ಡಿಯ ಚೀಲ ಬಿಚ್ಚಿದ ಹಾಗಿತ್ತು.

ಅಷ್ಟರಲ್ಲಿ ಅವಳ ಅತ್ತೆ, ನಮ್ಮ ಬೀಗತಿ, ತೊಟ್ಟಿಲ ಕಾರ್ಯದ ದಿನ ಗೊತ್ತು ಮಾಡಲು ದೇವದುರ್ಗದಿಂದ ಬಂದಳು. ಬುಟ್ಟಿಯ ತುಂಬ ಸಕ್ಕರೆ, ಕೊಬ್ಬರಿ, ಕೂಸಿಗೆ ತಲೆ ಮೈ ಮುಚ್ಚುವ ಕುಂಚಿಗೆ. ಜೊತೆಗೆ ಅವಳೂ ಮಾಡಿದ ಇನ್ನೊಂದು ಡಬ್ಬಿ ಉಂಡಿ. ಬೀಗತಿ ನನಗಿಂತ ಬಹಳ ಸಣ್ಣವಳು. ಆದರೆ ಹಲ್ಲು ಕಟ್ಟಿಸಿಕೊಂಡವಳು. ಮಾತಾಡಿದರೆ ಆ ಹಲ್ಲು ಸಣ್ಣಗೆ ಕಟಕಟ ಎನ್ನುತ್ತವೆ. ಕೋಣೆಯ ಬಾಗಿಲಲ್ಲಿ ನಿಂತು ಸೊಸೆಯ ಮುಖ ನೋಡಿದಳು.

"ಮುಖ ದುಂಡಗ ತುಂಬ್ಯಾದ ನೋಡು. ಚಲೋ ಬಾಣಂತನ ಮಾಡೀರಿ ಯವ್ವಾ. ನಮ್ಮನ್ಯಾಗಿದ್ದಾಗ ಕೆನ್ನಿ ಒಳಗ ಹೋಗಿದ್ದವು."

ಮಗಳಿಗೆ ಹಿಗ್ಗಾಯಿತು. ನನಗೂ ಆಯಿತು. ನಮ್ಮಲ್ಲಿ ಬಾಣಂತಿಯ ಮುಖ ದುಂಡಗಾದರೆ ತವರಿನವರು ತಲೆ ಎತ್ತಿ ತಿರುಗುತ್ತಾರೆ, ಸೊರಗಿದರೆ ಬೀಗರು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಮೊಮ್ಮಗಳು ಏನೋ ಹೇಳಲು ಬಾಯಿ ಆಡಿಸಿದಳು. ಬಿಸಿ ತುತ್ತು ಬಾಯಲ್ಲಿಟ್ಟುಕೊಂಡು ಮಾತಾಡಿದ ಹಾಗೆ ಬಂತು. ಬೀಗತಿ ತನ್ನ ಡಬ್ಬಿಯಿಂದ ಒಂದು ಉಂಡಿ ಮುರಿದು ಬಾಯಿಗೆ ಹಿಡಿದಳು. ಅವಳು ತಲೆ ಅಲ್ಲಾಡಿಸಿದಳು.

"ನಮ್ಮ ಉಂಡಿ ಸೇರಾಂಗಿಲ್ಲೇನು ನಿನಗ?" ಬೀಗತಿ ನಗುತ್ತಲೇ ಕೇಳಿದಳು. ಆದರೂ ಅದು ಕುಟುಕೇ.

ಮರುದಿನ ಬೆಳಿಗ್ಗೆ ನಾನು ಹಾಲು ತೆಗೆದುಕೊಂಡು ಹೋದೆ. ಮೊಮ್ಮಗಳು ಮಲಗಿರಲಿಲ್ಲ. ಹೊರಸಿನ ಅಂಚಿಗೆ ಕೂತು, ಮುಂದಕ್ಕೆ ಬಾಗಿ, ಎರಡೂ ಕೈ ಮೊಣಕಾಲಿಗೆ ಊರಿದ್ದಳು. ಸೀರೆಯ ಎದೆಭಾಗ ಒದ್ದೆ. ಹಾಲು ಸೋರಿದೆ ಎಂದುಕೊಂಡೆ. ಹಾಲಲ್ಲ, ಜೊಲ್ಲು. ನುಂಗಲಾಗದೆ ಬಾಯಿಯ ಮೂಲೆಯಿಂದ ಇಳಿಯುತ್ತಿತ್ತು.

"ಮಲಗವ್ವ, ಬಾಣಂತಿ ಹಿಂಗ ಕುಂದರಬಾರದು."

ಅವಳು ಕೈ ಅಲ್ಲಾಡಿಸಿದಳು. ಗಂಟಲು ತೋರಿಸಿದಳು. ಮಲಗಿದರೆ ಉಸಿರು ಬರುವುದಿಲ್ಲ ಎಂದು ಕೈಯಲ್ಲೇ ಹೇಳಿದಳು. ಲೋಟ ಬಾಯಿಗೆ ಹಿಡಿದೆ. ಒಳಗೆ ಹೋದ ಹಾಲು ಹಾಗೇ ಹೊರಗೆ ಬಂತು.

ನಾನು ಅರಿವೆಯ ಗಂಟಿಗೆ ಕೈ ಹಾಕಿದೆ. ಬೆವರು, ಎಣ್ಣೆ ಕೂಡಿ ಗಂಟು ಬಿಗಿದುಕೊಂಡಿತ್ತು. ಒಂದು ಬಿಚ್ಚಿದೆ, ಕೆಳಗೆ ಇನ್ನೊಂದು. ಅದನ್ನೂ ಬಿಚ್ಚಿದೆ.

ಗದ್ದ ಎಲ್ಲಿ ಮುಗಿಯುತ್ತದೆ, ಕುತ್ತಿಗೆ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯದ ಹಾಗೆ ಒಂದೇ ಆಗಿತ್ತು. ಚರ್ಮ ಕೆಂಪಗೆ ಹೊಳೆಯುತ್ತಿತ್ತು. ಮುಟ್ಟಿದರೆ ಹಲಗೆ ಮುಟ್ಟಿದ ಹಾಗೆ ಗಟ್ಟಿ. ಬಾಯಿ ತೆಗೆ ಎಂದೆ. ಒಂದು ಬೆರಳು ಹೋಗುವಷ್ಟು ತೆಗೆದಳು. ಬೆರಳು ಹಾಕಿ ನೋಡಿದೆ. ನಾಲಿಗೆ ಮೇಲೆದ್ದು ಅಂಗುಳಕ್ಕೆ ಹತ್ತಿತ್ತು. ಅದರ ಕೆಳಗೆ ಏನೋ ತುಂಬಿಕೊಂಡು ಅದನ್ನು ಮೇಲಕ್ಕೆ ನೂಕುತ್ತಿತ್ತು. ನಾವು ಹಿಗ್ಗಿ ನೋಡಿದ ದುಂಡು ಮುಖ ಇದು.

ಮಗಳನ್ನು ಕೂಗಿದೆ. ಅವಳು ಬಂದು ನೋಡಿ ಗೋಡೆ ಹಿಡಿದುಕೊಂಡಳು.

"ಅಳಾಕ ಹೊತ್ತಿಲ್ಲ. ಓಣ್ಯಾಗ ಯಾರದರ ಕಾರು ಅದ ಏನು ನೋಡು. ರಾಯಚೂರಿಗೆ ಹೋಗಬೇಕು, ಈಗಿಂದೀಗ."

ಬೀಗತಿ ನಡುಮನೆಯಲ್ಲಿ ಚಹ ಕುಡಿಯುತ್ತಿದ್ದಳು. ಮಾತು ಕೇಳಿ ಎದ್ದು ಬಂದು ಹೊಸ್ತಿಲಿಗೆ ಅಡ್ಡ ನಿಂತಳು.

"ತಿಂಗಳು ತುಂಬಿಲ್ರಿ ಯವ್ವಾ. ಹಸಿ ಬಾಣಂತಿನ್ನ ಈ ಬಿಸಲಾಗ ಹೊಸ್ತಿಲು ದಾಟಸ್ತೀರೇನು? ಗಾಳಿ ಬಡೀತಂದ್ರ ಸನ್ನಿ ಆಗ್ತದ. ಹಲ್ಲು ಕಿತ್ತರ ನರ ಎಲ್ಲ ಸಡ್ಲ ಬೀಳ್ತಾವ, ಎದಿಹಾಲು ಬತ್ತತಾವ. ಕೂಸಿಗೇನು ಕುಡಸ್ತೀರಿ? ಬೇರಿನ ಔಷಧ ಹಾಕೋರು ನಮ್ಮೂರಾಗ ಅದಾರ, ಕರಸ್ತೀನಿ."

"ಸರಿ ಬೇ ಈಕಡೆ."

"ನನ್ನ ಮಗನ್ನ ಒಂದು ಮಾತು ಕೇಳಬೇಕಲ್ರಿ."

"ಫೋನ್ ಹಚ್ಚಿ ಕೇಳು, ದಾರ್ಯಾಗ. ಸತ್ತರ ಆಕಿನ್ನ ಇದ ಹೊಸ್ತಿಲು ದಾಟಸಬೇಕು. ಆವಾಗ ತಿಂಗಳು ತುಂಬಲಿ ಅಂತ ನಿಲ್ತಿ ಏನು?"

ನನ್ನ ಮಾತು ಹೊಲಸು ಎಂದು ಮಂದಿ ಅನ್ನುತ್ತಾರೆ. ಅನ್ನಲಿ. ಬೀಗತಿ ಹೊಸ್ತಿಲು ಬಿಟ್ಟು ಸರಿದಳು. ಆಮೇಲೆ ಒಳಗೆ ಹೋಗಿ ಕೂಸನ್ನು ಎತ್ತಿಕೊಂಡು ಬಂದಳು. ಕುಂಚಿಗೆಯಲ್ಲಿ ಬೇವಿನೆಲೆ ಸಿಕ್ಕಿಸಿದಳು. ಅಡುಗೆಮನೆಯ ಚಾಕು ಸೀರೆಯ ಮಡಿಲಲ್ಲಿ ಇಟ್ಟುಕೊಂಡಳು, ದಾರಿಯ ಗಾಳಿಗೆ ಕಬ್ಬಿಣ ಇರಲಿ ಎಂದು. ನಮಗಿಂತ ಮೊದಲು ಹೋಗಿ ಕಾರಿನಲ್ಲಿ ಕೂತಳು.

ಮಾನ್ವಿಯಿಂದ ರಾಯಚೂರಿಗೆ ನಾನು ಎಷ್ಟೋ ಸಲ ಹೋಗಿದ್ದೇನೆ. ಆ ದಾರಿ ಅಷ್ಟು ಉದ್ದ ಎಂದು ಅಂದೇ ಗೊತ್ತಾಯಿತು. ಹಿಂದಿನ ಸೀಟಿನಲ್ಲಿ ನಡುವೆ ಅವಳು, ಈಕಡೆ ನಾನು, ಆಕಡೆ ಕೂಸಿನೊಂದಿಗೆ ಬೀಗತಿ. ಮಗಳು ಮುಂದೆ. ಮೊಮ್ಮಗಳು ಮುಂದಿನ ಸೀಟಿಗೆ ಹಣೆ ಹಚ್ಚಿ ಬಾಗಿ ಕೂತಿದ್ದಳು. ನಾನು ಟವಲ್ ಹಿಡಿದು ಜೊಲ್ಲು ಒರೆಸುತ್ತಿದ್ದೆ. ಉಸಿರು ಎಳೆದಾಗ ಗಂಟಲಲ್ಲಿ ಸಣ್ಣ ಸೀಟಿಯ ಸಪ್ಪಳ. ಆ ಸಪ್ಪಳ ಇದ್ದರೆ ಒಂದು ಹೆದರಿಕೆ, ನಿಂತರೆ ಇನ್ನೂ ದೊಡ್ಡ ಹೆದರಿಕೆ.

ಕಲ್ಲೂರು ದಾಟುವಾಗ ಕೂಸು ಅಳಲು ಹತ್ತಿತು. ತಾಯಿಗೆ ಕುಡಿಸಬೇಕೆಂದು ಆಸೆ. ಕೈ ಚಾಚಿದಳು, ಆದರೆ ಹಿಂದಕ್ಕೆ ಒರಗಲು ಆಗಲಿಲ್ಲ. ಒರಗಿದ ಕೂಡಲೇ ಕಣ್ಣು ಮೇಲೆ ಹೋದವು. ನಾನು ಕುತ್ತಿಗೆಯ ಹಿಂದೆ ಕೈ ಹಾಕಿ ಮತ್ತೆ ಮುಂದಕ್ಕೆ ಬಾಗಿಸಿದೆ.

"ನಿತ್ರಾಣ ಆಗ್ಯಾಳ್ರಿ," ಎಂದಳು ಬೀಗತಿ. ಅವಳ ಕಾಲ ಹತ್ತಿರ ಚೀಲ ಇತ್ತು, ಚೀಲದಲ್ಲಿ ಡಬ್ಬಿ ಇತ್ತು. "ಒಂದು ಚೂರು ಉಂಡಿ ನಾಲಿಗಿ ಮ್ಯಾಲರೆ ಇಡ್ರಿ, ಕರಗ್ತದ."

ನಾನು ಡಬ್ಬಿ ಕಸಿದು ನನ್ನ ಕಾಲ ಕೆಳಗೆ ಇಟ್ಟುಕೊಂಡೆ. ಅವಳು ಮುಖ ತಿರುಗಿಸಿದಳು. ಕೂಸಿನ ಬಾಯಿಗೆ ತನ್ನ ಕಿರುಬೆರಳು ಕೊಟ್ಟಳು. ಅದು ಚೀಪಿ ಚೀಪಿ ಏನೂ ಸಿಗದೆ ಇನ್ನೂ ಜೋರಾಗಿ ಅತ್ತಿತು.

ಕಲ್ಮಲದ ಹತ್ತಿರ ಭತ್ತದ ಲಾರಿಗಳು ಸಾಲಾಗಿ ನಿಂತು ದಾರಿ ಕಟ್ಟಿದ್ದವು. ಕಾರು ನಿಂತಿತು. ಮೊಮ್ಮಗಳು ನನ್ನ ಮುಂಗೈ ಹಿಡಿದಳು. ಉಗುರು ಒಳಗೆ ಇಳಿಯಿತು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟು ಉಸಿರು ನೋಡುತ್ತ ಕೂತೆ. ಮಗಳು ಕೆಳಗಿಳಿದು ಲಾರಿಯವರಿಗೆ ಕೈ ಮುಗಿಯುತ್ತ, ಬೈಯುತ್ತ, ಎರಡನ್ನೂ ಕೂಡಿಸಿ ಮಾಡುತ್ತ ದಾರಿ ಬಿಡಿಸಿದಳು. ಅವಳಿಗೆ ಅಂಥ ಗಂಟಲಿದೆ ಎಂದು ನನಗೆ ಗೊತ್ತಿರಲಿಲ್ಲ.

ದವಾಖಾನೆಯಲ್ಲಿ ಹಲ್ಲಿನ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಖುರ್ಚಿಯಲ್ಲಿ ಕೂರಿಸಿ ಒಂದೇ ಸಲ ಗದ್ದದ ಕೆಳಗೆ ಒತ್ತಿ ನೋಡಿದಳು. ಆಮೇಲೆ ಬಾಗಿಲಿನ ಕಡೆ ತಿರುಗಿ ಇನ್ನಿಬ್ಬರನ್ನು ಕರೆದಳು. ಮಲಗಿಸುವ ಗಾಡಿ ತಂದರು.

"ಮಲಗಿಸಬ್ಯಾಡ್ರಿ. ಕುಂತೇ ಬರಲಿ," ಎಂದಳು ಡಾಕ್ಟರು. ನಮ್ಮನ್ನು ಕೇಳಿದಳು, "ಬಾವು ಯಾವಾಗಿಂದ ಅದ?"

ಮಗಳು ನಿನ್ನೆಯಿಂದ ಎಂದಳು. ಬೀಗತಿ ತಾನು ಬರುವಾಗಲೇ ಇತ್ತು ಎಂದಳು. ನಾನು ಗೊತ್ತಿಲ್ಲ ಎಂದೆ.

"ಒಂದು ಮನ್ಯಾಗ ಮೂರು ಮಂದಿ ಹೆಣ್ಣಮಕ್ಕಳಿದ್ದೀರಿ. ಮುಖದ ಅರಿವಿ ಬಿಚ್ಚಿ ಯಾರೂ ನೋಡಿಲ್ಲೇನು?"

ಅವಳು ಎಡ ಕೆನ್ನೆ ಮುಟ್ಟಿ ನೋಡಿದಳು.

"ಕಾವು ಕೊಟ್ಟೀರೇನು?"

"ಉಪ್ಪಿಂದು ಕೊಟ್ಟೀನಿ," ಎಂದೆ.

ಅವಳು ಕಣ್ಣು ಮುಚ್ಚಿ ತೆಗೆದಳು. "ದವಡಿ ಹಲ್ಲಿನ ಕೀವು ನಾಲಿಗಿ ಬುಡಕ್ಕ ಇಳದದ. ಅಲ್ಲಿಂದ ಕುತ್ತಿಗಿಗೆ. ಉಸಿರಿನ ದಾರಿ ಮುಚ್ಚಾಕತ್ತದ. ಕೊಯ್ದು ಕೀವು ತಗೀಬೇಕು, ಹಲ್ಲೂ ತಗೀಬೇಕು. ಸಹಿ ಯಾರು ಮಾಡ್ತೀರಿ?"

ಮಗಳು ಸಹಿ ಮಾಡಿದಳು. ನಾನು ಕೇಳಿದೆ, "ಉಳೀತಾಳಿಲ್ರಿ?"

"ಕೆಲಸ ಮುಗದ ಮ್ಯಾಲ ಹೇಳ್ತೀನಿ ಯಜ್ಜಿ. ಈಗ ಏನೂ ಹೇಳಾಕ ಬರಾಂಗಿಲ್ಲ."

ಬಾಗಿಲು ಹಾಕಿಕೊಂಡರು. ನಾವು ಮೂವರೂ ಹೊರಗಿನ ಕಲ್ಲಿನ ಬೆಂಚಿನ ಮೇಲೆ ಕೂತೆವು. ಒಬ್ಬ ನರ್ಸಮ್ಮ ಬಟ್ಟಲಲ್ಲಿ ಹಾಲು ತಂದು ಚಮಚದಿಂದ ಕೂಸಿಗೆ ಹಾಕುವುದನ್ನು ಹೇಳಿಕೊಟ್ಟಳು. ಬೀಗತಿ ಹಾಕಿದಳು. ಅರ್ಧ ಕುಂಚಿಗೆಗೆ ಹೋಯಿತು, ಅರ್ಧ ಹೊಟ್ಟೆಗೆ. ಕೂಸು ಮಲಗಿತು. ಆಮೇಲೆ ಅವಳು ಮೆಲ್ಲಗೆ ಶುರು ಮಾಡಿದಳು.

"ನಿಮ್ಮ ಕೈಯಾಗ ಕೊಟ್ಟೀವ್ರಿ ನಾವು ಹುಡುಗಿನ್ನ."

"ಹಲ್ಲು ನೋಯಾಕತ್ತದ ಅಂತ ನಿಮ್ಮನ್ಯಾಗ ಅತ್ತಿದ್ಲು. ಆವಾಗ ಯಾರ ಕೈಯಾಗಿದ್ಲು?"

"ಬಸುರಿ ಹಲ್ಲು ಮುಟ್ಟಬಾರದ್ರಿ. ನೀವೂ ಅದನ್ನ ಹೇಳಿದ್ರಂತ."

"ಹೇಳೀನಿ."

"ಒಂದು ಹೋಗೋದು ಹೋಗ್ತದ ಅಂದ್ರಂತ."

"ಅಂದೀನಿ. ನೀ ಏನಂದಿದ್ದಿ ಬೇ?"

ಅವಳು ಕೂಸಿನ ಕುಂಚಿಗೆ ಸರಿಮಾಡಿದಳು. ಕಟ್ಟಿಸಿದ ಹಲ್ಲು ಕಟಕಟ ಎನ್ನುತ್ತಿದ್ದವು. ಆಮೇಲೆ ಅಂದಳು, "ನಾ ಹಡದದ್ದು ಮೂರೇ ರೀ. ಮೂರನೇದು ನಡೆಯಾಕ ಬರೂದ್ರಾಗ ನನ್ನ ಬಾಯಾಗ ಒಂದೂ ಉಳದಿದ್ದಿಲ್ಲ." ಅದನ್ನು ಅವಳು ನನಗೆ ಹೇಳಿದಳೋ, ತನಗೇ ಹೇಳಿಕೊಂಡಳೋ. ನಾನು ನಾಲಿಗೆಯಿಂದ ನನ್ನ ಬೋಳು ಒಸಡು ಸವರಿಕೊಂಡೆ.

ಬಿಸಿಲು ಬೆಂಚಿನಿಂದ ಗೋಡೆಗೆ ಹೋಯಿತು, ಗೋಡೆಯಿಂದ ಮೇಲೆ ಹೋಯಿತು. ಬಾಗಿಲು ತೆಗೆದಾಗಲೆಲ್ಲ ಮಗಳು ಎದ್ದು ನಿಲ್ಲುತ್ತಿದ್ದಳು. ಬೇರೆ ಯಾರೋ ಹೊರಗೆ ಬರುತ್ತಿದ್ದರು. ಮತ್ತೆ ಕೂರುತ್ತಿದ್ದಳು. ನಾನು ಎದ್ದು ನಿಲ್ಲಲಿಲ್ಲ.

ಸಂಜೆಯ ಹೊತ್ತಿಗೆ ಡಾಕ್ಟರು ಬಂದಳು. ಮುಖದ ಬಟ್ಟೆ ಕೆಳಗೆ ಎಳೆದಳು.

"ಉಸಿರು ಬರಾಬರ್ ಅದ. ಕುತ್ತಿಗಿಗೆ ನಳಿಗಿ ಹಾಕೀವಿ, ಕೀವು ಹರೀತದ, ನೋಡಿ ಹೆದರಬ್ಯಾಡ್ರಿ. ಎರಡು ದವಡಿ ಹಲ್ಲು ತಗದೀವಿ. ಇನ್ನಾ ಜ್ವರ ಇಳೀಬೇಕು. ಇವತ್ತು ಬರಲಿಲ್ಲಂದ್ರ ನಾಳಿ ನನಗೇನೂ ಮಾಡಾಕ ಆಗ್ತಿದ್ದಿಲ್ಲ."

ಮಗಳು ನೆಲದ ಮೇಲೆ ಕೂತುಬಿಟ್ಟಳು. ಬೀಗತಿ ಮಡಿಲಿನ ಚಾಕು ತೆಗೆದು ಕೂಸಿನ ತಲೆಯ ಹತ್ತಿರ ಇಟ್ಟಳು. ಡಾಕ್ಟರು ಅದನ್ನು ನೋಡಿದಳು. ನನ್ನ ಪಕ್ಕಕ್ಕೆ ಕೂತಳು.

"ಏನೇನು ತಿನ್ನಸ್ತಿದ್ರಿ ಯಜ್ಜಿ?"

ನಾನು ಹೇಳಿದೆ. ಪಾಯಸ, ಸಜ್ಜಕ, ಉಂಡಿ. ಎಷ್ಟು ಸಲ ಎಂದು ಕೇಳಿದಳು. ಕೂಸು ಎದ್ದಾಗಲೆಲ್ಲ ಎಂದೆ. ನೀರು ಎಂದು ಕೇಳಿದಳು. ಗುಟುಕು ಎಂದೆ. ಬಾಯಿ ತೊಳೆಯುವುದು, ತಿಕ್ಕುವುದು ಎಂದು ಕೇಳಿದಳು. ಇಲ್ಲ ಎಂದೆ. ಹೇಳುತ್ತ ಹೇಳುತ್ತ ನನಗೇ ನನ್ನ ಮಾತು ಬೇರೆ ಯಾರೋ ಆಡಿದ ಹಾಗೆ ಕೇಳಿಸಿತು.

"ಮೊದಲ ತೂತು ಬಿದ್ದ ಹಲ್ಲು," ಎಂದಳು ಅವಳು. "ಅದಕ್ಕ ಹಗಲೂ ರಾತ್ರಿ ಬೆಲ್ಲ. ಬಾಯಾಗ ಉಗುಳೂ ಆರಿ ಹೋಗೇದ, ನೀರು ಕೊಟ್ಟಿಲ್ಲಲ್ಲ. ಉಗುಳು ಬಾಯಿ ತೊಳೀತದ ಯಜ್ಜಿ, ಅದಕ್ಕೂ ಹೊತ್ತು ಕೊಡಬೇಕು. ಗಳಿಗಿಗೊಮ್ಮೆ ಸೀ ಹಾಕಿದರ ಅದರೆ ಏನು ಮಾಡೀತು?"

"ಕೂಸು ಒಂದು ಹಲ್ಲು ತಿಂತದ ಅಂತಾರಲ್ರಿ."

"ಕೂಸಿಗೆ ಬೇಕಾದ ಸುಣ್ಣದ ಅಂಶ ತಾಯಿ ಉಂಡ ಊಟದಾಗಿಂದ ಹೋಗ್ತದ, ಊಟ ಸಾಲದಿದ್ರ ಎಲುಬಿನಾಗಿಂದ ಹೋಗ್ತದ. ಹಲ್ಲಿಗೆ ಕೂಸು ಕೈ ಹಚ್ಚಂಗಿಲ್ಲ. ಬಾಯಾಗ ಕುಂತ ಸೀ ಹುಳಿಯಾಗಿ ಹಲ್ಲು ತಿಂತದ. ಉಂಡಿ ಬಿಡ್ರಿ ಅನ್ನಾಕತ್ತಿಲ್ಲ ನಾನು. ಊಟ ಆದ ಕೂಡ್ಲೆ ತಿನ್ಲಿ, ಉಗುರುಬೆಚ್ಚಗಿನ ನೀರಿಲೆ ಬಾಯಿ ಮುಕ್ಕಳಿಸ್ಲಿ, ಆಮ್ಯಾಗ ಬಾಯಿ ಖಾಲಿ ಇರ್ಲಿ. ಹಾಲು, ಬ್ಯಾಳಿ, ಸೊಪ್ಪಿನ ತಪ್ಪಲಪಲ್ಯ, ರೊಟ್ಟಿ, ಎಲ್ಲ ಕೊಡ್ರಿ. ದಿನಾ ಎರಡು ಹೊತ್ತು ತಿಕ್ಲಿ."

"ನಾವು ತಲಿಮಾರಿನಿಂದ ಹಿಂಗ ಮಾಡ್ಕೋತ ಬಂದೀವಿ."

"ಹೌದಾ? ತಲಿಮಾರಿನ ಹಲ್ಲು ತೋರಸ್ರಿ."

ನಾನು ಬಾಯಿ ತೆಗೆಯಲಿಲ್ಲ. ಬೀಗತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಗಳು ನೆಲದ ಮೇಲೆ ಕೂತೇ ತಲೆಯೆತ್ತಿ ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು.

ಜ್ವರ ಇಳಿಯಲು ದಿನಗಳೇ ಹಿಡಿದವು. ಹಾಲು ಬತ್ತಲಿಲ್ಲ. ಮನೆಗೆ ಬಂದ ಮೇಲೆ ನಾನೇ ಕಿಟಕಿಯ ಸೀರೆ ಎಳೆದು ಹಾಕಿದೆ. ಕೆಂಡದ ಬುಟ್ಟಿ ಹಿತ್ತಲಿಗೆ ಹೋಯಿತು. ಬಾಯಿ ಅರ್ಧ ತೆರೆಯುವಷ್ಟಾದಾಗ ಅವಳಿಗೆ ಮೊದಲು ಕೊಟ್ಟದ್ದು ಬೇಳೆಯಲ್ಲಿ ನೆನೆಸಿದ ರೊಟ್ಟಿ. ಬಲಗಡೆಯಿಂದ ಮೆಲ್ಲಗೆ ಅಗಿದಳು. ಗದ್ದದ ಕೆಳಗೆ ಕೊಯ್ದ ಗುರುತು ಉಳಿದಿದೆ, ಈಗಲೂ ಇದೆ. ಶಾಲೆಯ ಮಕ್ಕಳು ಕೇಳಿದರೆ ಎಮ್ಮೆ ಹಾಯ್ದಿತ್ತು ಎನ್ನುತ್ತಾಳಂತೆ.

ತೊಟ್ಟಿಲ ಕಾರ್ಯ ತಡವಾಗಿ ಮಾಡಿದೆವು. ದೇವದುರ್ಗದಿಂದ ಬೀಗರು ಬಂದರು, ಓಣಿಯ ಹೆಂಗಸರು ಬಂದರು. ಬಂದವರೆಲ್ಲ ಬಾಣಂತಿಯ ಬಾಯಿಗೆ ಸಕ್ಕರೆ ಹಾಕುವುದು ರೂಢಿ. ಒಬ್ಬೊಬ್ಬರೇ ಚಿಟಿಕೆ ಹಿಡಿದು ಬಂದರು. ಹಾಕಬೇಡಿ ಎಂದು ನಾನು ಹೇಳಲಿಲ್ಲ. ಶುಭದ ದಿನ ಅದು, ಹಾಕಿಸಿಕೊಳ್ಳಲಿ. ನೀರಿನ ತಂಬಿಗೆ, ತಾಟು ಹಿಡಿದು ಅವಳ ಪಕ್ಕದಲ್ಲೇ ನಿಂತೆ.

"ಏನಬೇ ಮುದುಕಿ, ಕುಸ್ತಿ ಪೈಲವಾನನ ಪಕ್ಕ ನಿಂತಂಗ ತಂಬಿಗಿ ಹಿಡದು ನಿಂತೀಯಲ್ಲ," ಎಂದಳು ನೆರೆಮನೆಯವಳು.

"ನೀ ಹಾಕೂದು ಹಾಕು, ಸರಿ. ಹಿಂದ ಮಂದಿ ಅದಾರ."

ಎಲ್ಲರೂ ಮುಗಿಸಿದ ಮೇಲೆ ತಾಟು ಹಿಡಿದೆ. ಮೊಮ್ಮಗಳು ಎಲ್ಲರೆದುರಿಗೇ ಬಾಯಿ ಮುಕ್ಕಳಿಸಿ ಉಗುಳಿದಳು. ಕೆಲವರು ಮೂಗು ಮುರಿದರು. ಬೀಗತಿ ಮುರಿಯಲಿಲ್ಲ. ತಂಬಿಗೆ ಖಾಲಿಯಾದದ್ದು ನೋಡಿ ತಾನೇ ಹೋಗಿ ತುಂಬಿಸಿಕೊಂಡು ಬಂದಳು.

ತೊಟ್ಟಿಲಿಗೆ ಹಾಕುವಾಗ ನೆರೆಮನೆಯವಳು ಬಗ್ಗಿ ಕೂಸಿನ ಕೆನ್ನೆ ಹಿಂಡಿದಳು.

"ಭಾರಿ ಅದೀ ಮಗನಾ. ಮಂದಿ ಕೂಸು ಒಂದು ಹಲ್ಲು ತಿಂದ್ರ ನೀ ಹುಟ್ಟಿದ ಕೂಡ್ಲೆ ನಿಮ್ಮವ್ವನ ಎರಡು ಹಲ್ಲು ತಿಂದಿ."

ಹೆಂಗಸರು ನಕ್ಕರು. ನಗು ಮುಗಿಯುವ ಮೊದಲೇ ನನ್ನ ಮಗಳು ತೊಟ್ಟಿಲಿನ ಹಗ್ಗ ಬಿಟ್ಟು ನೆಟ್ಟಗೆ ನಿಂತಳು. ಕಲ್ಮಲದಲ್ಲಿ ಲಾರಿಯವರಿಗೆ ಕೇಳಿಸಿದ ಅದೇ ಗಂಟಲು.

"ಅವ ತಿಂದಿಲ್ಲ," ಎಂದಳು. ನೆರೆಮನೆಯವಳಿಗೆ ಅಂದಳು, ನೋಡಿದ್ದು ಮಾತ್ರ ನನ್ನ ಕಡೆ. "ಯಾವ ಕೂಸೂ ತಿಂದಿಲ್ಲ."

ಮಂದಿ ನಡು ಅದು. ಹಿಂದೆ ತುಟಿ ಎತ್ತಿ ಅವಳಿಗೆ ತೋರಿಸುತ್ತಿದ್ದ ಜಾಗವನ್ನು ಸೆರಗಿನಿಂದ ಮುಚ್ಚಿಕೊಂಡು, "ಹೌದು, ತಿಂದಿಲ್ಲ," ಎಂದೆ. ತಾಟಿನ ನೀರು ಹಿತ್ತಲಿಗೆ ಚೆಲ್ಲಿ ಬಂದೆ.